ಹೊಸ ಕರ್ನೆಲಿಗೆ ನಮ್ಮ ತೇಪೆ

ಉಪಾಧ್ಯಾಯರೊಬ್ಬರು ಪಾಠಪುಸ್ತಕದ ಅಂಚಿನಲ್ಲಿ ತಮ್ಮ ತಿದ್ದುಪಡಿಗಳನ್ನು ಬರೆದಿಟ್ಟುಕೊಂಡಿದ್ದಾರೆಂದು ಭಾವಿಸೋಣ. "ಈ ಸಾಲನ್ನು ತೆಗೆದು ಆ ಸಾಲನ್ನು ಓದತಕ್ಕದ್ದು" ಎಂಬುದು ಅವುಗಳ ರೀತಿ. ಮರುವರ್ಷ ಪರಿಷ್ಕೃತ ಮುದ್ರಣ ಬಂದಾಗ ಆ ಸಾಲು ಬೇರೊಂದು ಪುಟಕ್ಕೆ ಸರಿದಿರಬಹುದು, ವಾಕ್ಯವೇ ಮಾರ್ಪಟ್ಟಿರಬಹುದು, ಗ್ರಂಥಕರ್ತರೇ ಆ ದೋಷವನ್ನು ತಿದ್ದಿಯೂ ಇರಬಹುದು. ಗಣಕಯಂತ್ರಗಳ ಕರ್ನೆಲ್ ಎಂಬ ತಿರುಳಿಗೆ ತಮ್ಮದೇ ಮಾರ್ಪಾಡುಗಳನ್ನು ಮಾಡಿಕೊಂಡವರು ಪ್ರತಿಯೊಂದು ಹೊಸ ಆವೃತ್ತಿಯಲ್ಲೂ ಎದುರಿಸುವ ತೊಡಕು ಇದೇ ಬಗೆಯದು.

ಯಂತ್ರದ ಬಿಡಿಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಸ್ಮೃತಿಯನ್ನು ಹಂಚಿ, ಸರದಿಯನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಕೇರಳದ ಶಾಲೆಗಳಿಗಾಗಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಗಣಕ ವ್ಯವಸ್ಥೆಯು ಉಬುಂಟುವನ್ನು ಆಧರಿಸಿದ್ದು. ಆ ಉಬುಂಟುವಿನ ಕರ್ನೆಲ್ ಕೂಡ ಮೂಲ ಲಿನಕ್ಸಿನ ಮೇಲೆ ಹಲವು ಸ್ವಂತ ತೇಪೆಗಳನ್ನು ಹೊತ್ತುಕೊಂಡಿರುವಂಥದೇ. ಆದುದರಿಂದ ಈ ವಿಷಯವು ಗಡಿನಾಡಿನ ನಮ್ಮ ವಿದ್ಯಾರ್ಥಿಗಳ ಮೇಜಿನವರೆಗೂ ಬಂದು ಮುಟ್ಟಿದೆ.

ಇಂಥ ಮಾರ್ಪಾಡನ್ನು ಬರೆದಿಡುವ ಕಡತಕ್ಕೆ ಪ್ಯಾಚ್, ಅಂದರೆ ತೇಪೆ, ಎನ್ನುತ್ತಾರೆ. ತೆಗೆಯಬೇಕಾದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಬೇಕಾದುದರ ಮುಂದೆ ಕೂಡುವ ಚಿಹ್ನೆ, ಗುರುತಿಗಾಗಿ ಮೇಲೂ ಕೆಳಗೂ ಸಾಮಾನ್ಯವಾಗಿ ಮೂರು ಮೂರು ಸಾಲುಗಳು—ಇಷ್ಟೇ ಅದರ ಸ್ವರೂಪ. 1985ರಲ್ಲಿ ಲ್ಯಾರಿ ವಾಲ್ ಎಂಬವರು ರಚಿಸಿದ 'ಪ್ಯಾಚ್' ತಂತ್ರಾಂಶವು ಇದನ್ನು ಓದಿ ಮೂಲಗ್ರಂಥಕ್ಕೆ ಹೊಂದಿಸುತ್ತದೆ.

ಲಿನಕ್ಸಿನ ಹೊಸ ಆವೃತ್ತಿಯು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬೀಳುತ್ತದೆ. ಒಂದೊಂದರಲ್ಲೂ ಹತ್ತು ಸಾವಿರಕ್ಕೆ ಮಿಕ್ಕ ಬದಲಾವಣೆಗಳಿರುವುದು ಸಾಮಾನ್ಯ. ಆಗ ತೇಪೆಗೆ ಮೂರು ಗತಿಗಳುಂಟು. ಸಾಲುಗಳು ಬರಿದೆ ಸರಿದಿದ್ದರೆ ಅದು ತನ್ನ ಸ್ಥಾನವನ್ನು ತಾನೇ ಹುಡುಕಿಕೊಳ್ಳುತ್ತದೆ. ನೆರೆಯ ಸಾಲುಗಳೇ ಬದಲಾಗಿದ್ದರೆ ಘರ್ಷಣೆಯುಂಟಾಗಿ ಕೆಲಸ ನಿಲ್ಲುತ್ತದೆ. ಮೂರನೆಯದು ಅತ್ಯಂತ ಅಪಾಯಕರ: ತೇಪೆಯು ಸದ್ದಿಲ್ಲದೆ ಕೂಡಿಕೊಳ್ಳುತ್ತದೆ, ಆದರೆ ಅದು ನೆಚ್ಚಿಕೊಂಡಿದ್ದ ನಿಯಮವು ಬೇರೆಲ್ಲೋ ಬದಲಾಗಿರುವುದರಿಂದ ಯಂತ್ರವು ಎಂದೋ ಒಂದು ದಿನ ತಪ್ಪು ನಡೆಯುತ್ತದೆ. ಇದಕ್ಕೆ ಅಂಜಿ ಹಳೆಯ ಆವೃತ್ತಿಯಲ್ಲೇ ಉಳಿಯೋಣವೆಂದರೆ, ಕೆಲವು ವರ್ಷಗಳ ತನಕ ಪೋಷಣೆ ಪಡೆಯುವ ದೀರ್ಘಾವಧಿಯ ಆವೃತ್ತಿಗಳು ಇವೆಯಾದರೂ, ಆ ಅವಧಿ ಮುಗಿದ ಬಳಿಕ ಭದ್ರತೆಯ ತಿದ್ದುಪಡಿಗಳು ದೊರೆಯವು.

ಇಲ್ಲಿ ನೆರವಿಗೆ ಬರುವುದು ಆವೃತ್ತಿ ನಿಯಂತ್ರಣ. ಲಿನಕ್ಸ್ ಅಭಿವೃದ್ಧಿಕಾರರು ಮೊದಲು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಬಳಕೆಯ ಅನುಮತಿಯು 2005ರಲ್ಲಿ ಹಿಂತೆಗೆಯಲ್ಪಡಲಾಗಿ, ಟೋರ್ವಾಲ್ಡ್ಸರು ಅದೇ ವರ್ಷದ ಏಪ್ರಿಲಿನಲ್ಲಿ 'ಗಿಟ್' ಎಂಬ ಹೊಸ ಸಾಧನವನ್ನು ನಿರ್ಮಿಸಿದರು. ಯಾವ ಬದಲಾವಣೆಯನ್ನು ಯಾರು, ಎಂದು, ಯಾವುದರ ಮೇಲೆ ಮಾಡಿದರೆಂಬುದನ್ನು ಇದು ದಾಖಲಿಸುತ್ತದೆ. ಇಂಥ ಒಂದೊಂದು ದಾಖಲೆಯೂ ಒಂದು ಕಮಿಟ್.

ಗಿಟ್ಟಿನಲ್ಲಿ ಹೊಸ ಆವೃತ್ತಿಗೆ ಸಾಗಲು ಎರಡು ದಾರಿಗಳಿವೆ. ಮರ್ಜ್ ಎಂಬುದು ಹೊಸ ಆವೃತ್ತಿಯನ್ನು ತಂದು ನಮ್ಮ ಶಾಖೆಯೊಡನೆ ಬೆರೆಸುವುದು. ಇದು ಸುಲಭವೆಂದು ತೋರಿದರೂ ನಾಲ್ಕಾರು ಸಲ ಬೆರೆಸಿದ ಬಳಿಕ ನಮ್ಮವು ಯಾವುವು, ಮೂಲದವು ಯಾವುವು ಎಂದು ಬಿಡಿಸಿ ನೋಡುವುದು ದುಸ್ತರವಾಗುತ್ತದೆ. ರೀಬೇಸ್ ಎಂಬುದು ನಮ್ಮ ಕಮಿಟ್‌ಗಳನ್ನು ಮಾತ್ರ ಎತ್ತಿ ಹೊಸ ಆವೃತ್ತಿಯ ಮೇಲೆ ಒಂದೊಂದಾಗಿ ಮರಳಿ ಕೂರಿಸುವುದು. ಉದಾಹರಣೆಗೆ, 2023ರ 6.6ರ ಮೇಲಿದ್ದ ಇಪ್ಪತ್ತು ತೇಪೆಗಳನ್ನು 2024ರ 6.12ರ ಮೇಲಕ್ಕೆ ಒಯ್ಯುವಾಗ ಏಳನೆಯದು ಹೊಂದದಿದ್ದರೆ ಗಿಟ್ ಅಲ್ಲಿಯೇ ನಿಂತು ನಮ್ಮ ನಿರ್ಣಯವನ್ನು ಕೇಳುತ್ತದೆ. ಅದೇ ತಿದ್ದುಪಡಿ ಮೂಲದಲ್ಲಿ ಆಗಲೇ ಸೇರಿಹೋಗಿದ್ದರೆ ನಮ್ಮದನ್ನು ಕೈಬಿಡಬಹುದು. ಆದರೆ ರೀಬೇಸಿನಿಂದ ಪ್ರತಿ ಕಮಿಟ್‌ಗೂ ಹೊಸ ಗುರುತು ಬರುತ್ತದೆಯಾದ್ದರಿಂದ, ಇತರರೂ ಆಶ್ರಯಿಸಿರುವ ಶಾಖೆಯನ್ನು ಹಾಗೆ ಕದಲಿಸಬಾರದು. ಆವೃತ್ತಿಗೊಂದು ಹೊಸ ಶಾಖೆಯನ್ನು ತೆರೆದು ಹಳೆಯದನ್ನು ಹಾಗೆಯೇ ಉಳಿಸುವುದು ಲೇಸು.

ಈ ಕೆಲಸದ ಯಶಸ್ಸು ಶಿಸ್ತನ್ನು ಅವಲಂಬಿಸಿದೆ. ಒಂದು ತೇಪೆಗೆ ಒಂದೇ ಉದ್ದೇಶವಿರಬೇಕು. ಏನು ಮಾಡಿದೆವೆಂಬುದನ್ನು ಸಾಲುಗಳೇ ಹೇಳುತ್ತವೆ. ಏಕೆ ಮಾಡಿದೆವೆಂಬುದನ್ನು ನಾವು ಬರೆದಿಡಬೇಕು. ಎರಡು ವರ್ಷಗಳ ತರುವಾಯ ಘರ್ಷಣೆಯನ್ನು ಬಿಡಿಸುವವನಿಗೆ ಆ ಕಾರಣವೇ ದಾರಿದೀಪ. ಒಮ್ಮೆ ಬಿಡಿಸಿದ ಘರ್ಷಣೆಯ ಪರಿಹಾರವನ್ನು ನೆನಪಿಟ್ಟು ಮತ್ತೆ ಅನ್ವಯಿಸುವ 'ರೆರೆರೆ', ಹಳೆಯ ಮತ್ತು ಹೊಸ ತೇಪೆಗಳ ಸಾಲನ್ನು ಎದುರುಬದುರಾಗಿರಿಸಿ ತೋರಿಸುವ 'ರೇಂಜ್-ಡಿಫ್' ಎಂಬ ಸೌಕರ್ಯಗಳೂ ಗಿಟ್ಟಿನಲ್ಲಿವೆ. ಕೊನೆಯಲ್ಲಿ ಕರ್ನೆಲನ್ನು ಕಟ್ಟಿ ಪರೀಕ್ಷಿಸದೆ ಕೆಲಸ ಮುಗಿಯಿತೆನ್ನಲಾಗದು. ಆ ಮೂರನೆಯ ಬಗೆಯ ದೋಷವು ಪರೀಕ್ಷೆಯಿಂದಲೇ ಬೆಳಕಿಗೆ ಬರತಕ್ಕದ್ದು. ದೋಷ ಕಂಡಾಗ 'ಬೈಸೆಕ್ಟ್' ಕ್ರಮದಿಂದ ಕಮಿಟ್‌ಗಳನ್ನು ಅರ್ಧರ್ಧವಾಗಿ ವಿಭಜಿಸಿ ನೋಡಿದರೆ, ಸಾವಿರ ಕಮಿಟ್‌ಗಳಲ್ಲಿ ತಪ್ಪಿನ ಮೂಲವನ್ನು ಸುಮಾರು ಹತ್ತು ಪರೀಕ್ಷೆಗಳಲ್ಲಿ ಹಿಡಿಯಬಹುದು.

ಇಷ್ಟಾದರೂ ಪ್ರತಿ ಆವೃತ್ತಿಯಲ್ಲೂ ಈ ಶ್ರಮ ಏಕೆಂದು ವಾಚಕರು ಕೇಳಬಹುದು. ಹೊರಗಿನ ತಂತ್ರಾಂಶಗಳಿಗೆ ಕೊಟ್ಟ ಮಾತನ್ನು ಮುರಿಯಬಾರದೆಂಬುದು ಲಿನಕ್ಸಿನ ಕಟ್ಟುನಿಟ್ಟಾದ ನೀತಿ. ಆದರೆ ಒಳಗಿನ ಏರ್ಪಾಡುಗಳನ್ನು ಯಾವಾಗಲಾದರೂ ಬದಲಿಸಲು ಅವಕಾಶವಿದೆ. ಹಾಗೆ ಬದಲಿಸುವವನು ಮೂಲಗ್ರಂಥದೊಳಗೆ ಅದನ್ನು ಬಳಸುವ ಎಡೆಗಳನ್ನೆಲ್ಲ ತಾನೇ ತಿದ್ದುವುದು ಅಲ್ಲಿಯ ರೂಢಿ. ನಮ್ಮ ಮನೆಯಲ್ಲಿರುವ ತೇಪೆಯಾದರೋ ಅವನ ಕಣ್ಣಿಗೆ ಬೀಳುವುದಿಲ್ಲ. ಹೀಗಿರಲಾಗಿ, ಪರರಿಗೂ ಉಪಯುಕ್ತವಾದ ತೇಪೆಯನ್ನು ಮೂಲಕ್ಕೇ ಒಪ್ಪಿಸುವುದು ಉತ್ತಮೋತ್ತಮ ಉಪಾಯ.

ಇದಕ್ಕೆ ದೊಡ್ಡ ನಿದರ್ಶನವೊಂದಿದೆ. ಗೊತ್ತಾದ ಕಾಲಮಿತಿಯೊಳಗೆ ಯಂತ್ರವು ತಪ್ಪದೆ ಪ್ರತಿಕ್ರಿಯೆ ತೋರುವಂತೆ ಮಾಡುವ ರಿಯಲ್‌ಟೈಮ್ ತೇಪೆಗಳನ್ನು ಇಂಗೋ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು 2004ರ ಸುಮಾರಿನಿಂದ ಬೆಳೆಸಿದರು. ಕಾರ್ಖಾನೆಯ ಯಂತ್ರಗಳ ನಿಯಂತ್ರಣಕ್ಕೂ ಧ್ವನಿಮುದ್ರಣಕ್ಕೂ ಇವು ಬೇಕಾದಂಥವು. ತೇಪೆಗಳ ರಾಶಿಯನ್ನು ಕ್ರಮವಾಗಿ ಅಡಕಿಡುವ 'ಕ್ವಿಲ್ಟ್' ಎಂಬ ಸಾಧನದ ಸಹಾಯದಿಂದ ಇವರು ಅವುಗಳನ್ನು ಆವೃತ್ತಿಯಿಂದ ಆವೃತ್ತಿಗೆ ಹೊತ್ತು ನಡೆದರು. ಜೊತೆಜೊತೆಗೇ ಸಿದ್ಧವಾದ ಭಾಗಗಳನ್ನು ಮೂಲಕ್ಕೆ ಒಪ್ಪಿಸುತ್ತ, ತಲೆಯ ಹೊರೆಯನ್ನು ತಗ್ಗಿಸಿಕೊಂಡರು. ಕಟ್ಟಕಡೆಗೆ 2024ರ ಸೆಪ್ಟೆಂಬರಿನಲ್ಲಿ ರಿಯಲ್‌ಟೈಮ್ ವ್ಯವಸ್ಥೆಯು ಮೂಲಗ್ರಂಥವನ್ನು ಸೇರಿ, ಅದೇ ನವೆಂಬರಿನ 6.12ರಲ್ಲಿ ಪ್ರಕಟವಾಯಿತು. ಅದಕ್ಕೆ ಹಿಡಿದ ಕಾಲ ಇಪ್ಪತ್ತು ವರ್ಷ!

ಗಣಕಶಾಸ್ತ್ರದಲ್ಲಿ ಆಸಕ್ತರಾದ ನಮ್ಮ ವಿದ್ಯಾರ್ಥಿಗಳು ಇದರಿಂದ ಕಲಿಯತಕ್ಕದ್ದು ಬಹಳವಿದೆ. ತಿದ್ದುವ ಸ್ವಾತಂತ್ರ್ಯವು ಎಲ್ಲರಿಗೂ ಇದೆ. ತಿದ್ದಿದ್ದನ್ನು ವರ್ಷಾನುವರ್ಷ ಕಾಪಾಡುವ ಹೊಣೆಯೂ ಅದರ ಜೊತೆಗೇ ಬರುತ್ತದೆ. ಅವರು ಇಂದೇ ತಮ್ಮ ಪುಟ್ಟ ಕಾರ್ಯಕ್ರಮಗಳನ್ನು ಗಿಟ್ಟಿನಲ್ಲಿಟ್ಟು, ಪ್ರತಿ ಬದಲಾವಣೆಗೂ ಕಾರಣವನ್ನು ಬರೆಯುವ ಅಭ್ಯಾಸ ಮಾಡಿಕೊಳ್ಳಲೆಂದು ನಾವು ಹಾರೈಸುತ್ತೇವೆ.