ಟ್ರೈಲರಿನ ಟೈರಿಗೆ ಎಷ್ಟು ಗಾಳಿ?

ಚಾಮರಾಜನಗರದಿಂದ ತೆರಕಣಾಂಬಿ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವಾಗ ಕಬ್ಬು, ಅರಿಸಿನ, ಈರುಳ್ಳಿ ಹೇರಿಕೊಂಡ ಟ್ರೈಲರುಗಳನ್ನು ಎಳೆದೊಯ್ಯುವ ಟ್ರ್ಯಾಕ್ಟರುಗಳನ್ನು ನೀವು ನೋಡಿರುತ್ತೀರಿ. ಕೆಲವು ಟ್ರೈಲರುಗಳ ಟೈರು ಹೊರೆಗೆ ನಲುಗಿ ನೆಲದ ಮೇಲೆ ಹರಡಿಕೊಂಡಿರುತ್ತದೆ. ಚಾಲಕರನ್ನು ಕೇಳಿದರೆ, "ಬಿಸಿಲು ಜಾಸ್ತಿ ಸಾರ್, ಟೈರ್ ಸಿಡಿಯಬಾರದು ಅಂತ ಗಾಳಿ ಕಮ್ಮಿ ಹಿಡಿಸಿದ್ದೀನಿ" ಎನ್ನುವವರುಂಟು. ಉದ್ದೇಶ ಒಳ್ಳೆಯದೇ. ಆದರೆ ಈ ಉಪಾಯ ಟೈರು ಸಿಡಿಯುವುದಕ್ಕೇ ದಾರಿ ಮಾಡಿಕೊಡುತ್ತದೆ. ಹೇಗೆಂದು ನೋಡೋಣ.

ಟೈರಿನಲ್ಲಿ ಹೊರೆಯನ್ನು ಹೊರುವುದು ಬಹುಪಾಲು ಒಳಗಿರುವ ಗಾಳಿ. ರಬ್ಬರು ಅದನ್ನು ಹಿಡಿದಿಡುವ ಚೀಲ. ಟೈರು ನೆಲಕ್ಕೆ ತಾಗುವ ವಿಸ್ತೀರ್ಣವನ್ನು ಗಾಳಿಯ ಒತ್ತಡದಿಂದ ಗುಣಿಸಿದರೆ ಆ ಚಕ್ರದ ಮೇಲಿನ ಹೊರೆ ಸರಿಸುಮಾರಾಗಿ ದೊರೆಯುತ್ತದೆ. ಆದ್ದರಿಂದ ಎಷ್ಟು ಗಾಳಿ ಎಂದು ಕೇಳುವ ಮುನ್ನ ಪ್ರತಿ ಚಕ್ರದ ಮೇಲೆ ಎಷ್ಟು ಹೊರೆ ಎಂದು ಕೇಳಬೇಕು.

ಎರಡು ಚಕ್ರದ ಟ್ರೈಲರೊಂದನ್ನು ತೆಗೆದುಕೊಳ್ಳಿ. ಟ್ರೈಲರು, ಹೊರೆ ಸೇರಿ 4000 ಕಿ.ಗ್ರಾಂ. ಇರಲಿ. ಇದರ ಗುರುತ್ವ ಕೇಂದ್ರ ಅಚ್ಚಿಗಿಂತ 30 ಸೆಂ.ಮೀ. ಮುಂದಿದೆ; ಕೊಂಡಿ 3 ಮೀಟರ್ ಮುಂದಿದೆ. ಸನ್ನೆಕೋಲಿನ ತತ್ತ್ವದಂತೆ ಕೊಂಡಿಯ ಮೇಲೆ ಬೀಳುವ ಭಾರ 4000 × 0.3 ÷ 3, ಅಂದರೆ 400 ಕಿ.ಗ್ರಾಂ. ಉಳಿದ 3600 ಕಿ.ಗ್ರಾಂ. ಎರಡು ಟೈರುಗಳಿಗೆ, ತಲಾ 1800.

ಕೊಂಡಿಯ ಭಾರ ಎಲ್ಲಿಗೆ ಹೋಯಿತು? ಟ್ರ್ಯಾಕ್ಟರಿಗೆ. ಕೊಂಡಿ ಹಿಂದಿನ ಅಚ್ಚಿಗಿಂತ 60 ಸೆಂ.ಮೀ. ಹಿಂದಿದ್ದು, ಮುಂದಿನ ಹಾಗೂ ಹಿಂದಿನ ಅಚ್ಚುಗಳ ನಡುವೆ 2 ಮೀಟರ್ ಅಂತರವಿದ್ದರೆ ಮುಂದಿನ ಚಕ್ರಗಳಿಂದ 120 ಕಿ.ಗ್ರಾಂ. ಭಾರ ಕಡಿಮೆಯಾಗುತ್ತದೆ. ಹಿಂದಿನ ಚಕ್ರಗಳಿಗೆ 400 ಅಲ್ಲ, 520 ಕಿ.ಗ್ರಾಂ. ಸೇರುತ್ತದೆ. ದಿಣ್ಣೆ ಏರುವಾಗ ಟ್ರ್ಯಾಕ್ಟರಿನ ಮೂತಿ ಹಗುರವಾಗಿ ಸ್ಟೀರಿಂಗ್ ಮಾತು ಕೇಳದಂತಾಗುವುದಕ್ಕೆ ಇದೂ ಒಂದು ಕಾರಣ. ಉಳುಮೆಗೆಂದು ಹಿಂದಿನ ದೊಡ್ಡ ಟೈರುಗಳಲ್ಲಿ ಸಾಮಾನ್ಯವಾಗಿ 12ರಿಂದ 14 ಪೌಂಡ್ ಗಾಳಿ ಇಟ್ಟಿರುತ್ತಾರೆ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು ಅರ್ಥ). ಮಣ್ಣಿನಲ್ಲಿ ಅಗಲವಾದ ಹಿಡಿತಕ್ಕೆ ಅದು ಸರಿ. ಅದೇ ಗಾಳಿಯಲ್ಲಿ ಕಬ್ಬಿನ ಟ್ರೈಲರನ್ನು ಡಾಂಬರು ರಸ್ತೆಗೆ ತರುವುದು ತಪ್ಪು. ಸಾಗಣೆಗೆ ಹೆಚ್ಚು ಗಾಳಿ ಬೇಕೆಂದು ಟ್ರ್ಯಾಕ್ಟರಿನ ಕೈಪಿಡಿಯೇ ಹೇಳುತ್ತದೆ. ಯೂರೋಪಿನಲ್ಲಿ ಕಾರಿನ ಹಿಂದೆ ಪುಟ್ಟ ಮನೆಯಂಥ ಕ್ಯಾರವಾನ್ ಕಟ್ಟಿಕೊಂಡು ಪ್ರವಾಸ ಹೊರಡುವವರೂ ಇದೇ ಲೆಕ್ಕ ಹಾಕಿ ಕಾರಿನ ಹಿಂದಿನ ಟೈರುಗಳಿಗೆ ಗಾಳಿ ಹೆಚ್ಚಿಸುತ್ತಾರೆ.

ಈಗ ಟ್ರೈಲರಿನ ಟೈರಿಗೆ ಬರೋಣ. 71 ಪೌಂಡ್ ಎಂದರೆ ಚದರ ಸೆಂ.ಮೀ.ಗೆ ಸುಮಾರು 5 ಕಿ.ಗ್ರಾಂ. ಒತ್ತಡ. 1800 ಕಿ.ಗ್ರಾಂ. ಹೊರಲು 360 ಚದರ ಸೆಂ.ಮೀ. ನೆಲಕ್ಕೆ ತಾಗಿದರೆ ಸಾಕು. ಗಾಳಿ ಅರ್ಧಕ್ಕಿಳಿದರೆ 720 ಚದರ ಸೆಂ.ಮೀ. ಬೇಕು. ಅಷ್ಟು ತಾಗಬೇಕಾದರೆ ಟೈರು ಚಪ್ಪಟೆಯಾಗಲೇಬೇಕು. ಚಕ್ರ ಸುತ್ತಿದಷ್ಟು ಸಲವೂ ಅದರ ಪಕ್ಕೆ ಬಾಗಿ ನೆಟ್ಟಗಾಗುತ್ತದೆ. ಬಾಗುವಾಗ ಪಡೆದ ಶಕ್ತಿಯನ್ನೆಲ್ಲ ರಬ್ಬರು ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಉಳಿಯುತ್ತದೆ. ದಪ್ಪ ರಬ್ಬರಿನಿಂದ ಶಾಖ ಬೇಗ ಹೊರಹೋಗದು. ಒಳಗಿನ ದಾರದ ಪದರಗಳು ಕಾದು ರಬ್ಬರಿನಿಂದ ಬಿಡಿಸಿಕೊಳ್ಳುತ್ತವೆ, ಟೈರು ಸಿಡಿಯುತ್ತದೆ. ಒಂದು ಬದಿಯ ಟೈರು ಸಿಡಿದರೆ ಎತ್ತರಕ್ಕೆ ಹೇರಿದ ಹೊರೆ ಆ ಕಡೆಗೇ ವಾಲುತ್ತದೆ. ಪಕ್ಕದಲ್ಲಿ ಬೈಕಿನವರಿದ್ದರೆ ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಹಾಗಾದರೆ ಬಿಸಿಲಿಗೆ ಒತ್ತಡ ಏರುವುದಿಲ್ಲವೇ? ಏರುತ್ತದೆ. ಬೆಳಿಗ್ಗೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 300 ಕೆಲ್ವಿನ್‌ನಲ್ಲಿ, ಮಾಪಕ 70 ಪೌಂಡ್ ತೋರಿಸಿತೆನ್ನಿ. ಓಡಿ ಓಡಿ ಒಳಗಿನ ಗಾಳಿ 60 ಡಿಗ್ರಿಗೆ (333 ಕೆಲ್ವಿನ್) ಬಂದರೆ? ಇಲ್ಲಿ ವಿದ್ಯಾರ್ಥಿಗಳು ಎಡವುವುದು 70ನ್ನೇ ಗುಣಿಸಲು ಹೋಗಿ. ಮಾಪಕ ತೋರಿಸುವುದು ವಾಯುಮಂಡಲದ ಒತ್ತಡಕ್ಕಿಂತ ಹೆಚ್ಚಿರುವ ಭಾಗವನ್ನು ಮಾತ್ರ. ಸುಮಾರು 800 ಮೀಟರ್ ಎತ್ತರದ ಗುಂಡ್ಲುಪೇಟೆಯಲ್ಲಿ ವಾಯುಮಂಡಲದ ಒತ್ತಡ 13.4 ಪೌಂಡಿನಷ್ಟು. ಅದನ್ನು ಕೂಡಿಸಿ 83.4, 333/300ರಿಂದ ಗುಣಿಸಿದರೆ 92.6, ಮತ್ತೆ 13.4 ಕಳೆದರೆ ಸುಮಾರು 79 ಪೌಂಡ್. ಈ ಒಂಬತ್ತು ಪೌಂಡಿನ ಏರಿಕೆಯನ್ನು ಟೈರು ತಯಾರಿಸುವವರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅವರು ಹೇಳುವ ಒತ್ತಡವೆಲ್ಲ ತಣ್ಣಗಿರುವ ಟೈರಿನದು. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ಅದು ತಣಿದಾಗ ಒತ್ತಡ ಸಾಲದೆ ಹೋಗುತ್ತದೆ. ಪಂಕ್ಚರ್ ಅಂಗಡಿ ಹತ್ತಿರವಿದ್ದರೆ ಹೊರಡುವ ಮುನ್ನ ನೋಡಿಸುವುದೇ ಲೇಸು.

ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ ಒತ್ತಡ ಅದರ ಗರಿಷ್ಠ ಹೊರೆಗೆ ಹೊಂದುವಂಥದು. ಹೊರೆ ಕಡಿಮೆಯಾದರೆ ಒತ್ತಡವೂ ಕಡಿಮೆ ಸಾಕು. ತಯಾರಕರ ಕೋಷ್ಟಕದಲ್ಲಿ ಇದು ಸಿಗುತ್ತದೆ. ಖಾಲಿ ಟ್ರೈಲರು ಪೂರ್ತಿ ಗಾಳಿಯಲ್ಲಿ ಕುಣಿಯುವುದು ನಿಜ. ಆದರೆ ಹೋಗುವಾಗ ಬರುವಾಗ ಗಾಳಿ ಬದಲಿಸುವುದು ಯಾರಿಗೂ ಆಗದ ಕೆಲಸ. ಹೊರೆಯ ಪ್ರಯಾಣಕ್ಕೆ ತಕ್ಕಂತೆ ಇಟ್ಟು, ಖಾಲಿ ಬರುವಾಗ ನಿಧಾನವಾಗಿ ಬರುವುದೇ ಸರಿ. ಹೊರೆ ಎಷ್ಟೆಂದು ತಿಳಿಯಲು ವೇಬ್ರಿಡ್ಜ್ ಇದೆ. ಕೊಂಡಿ ಬಿಚ್ಚದೆ ಟ್ರೈಲರಿನ ಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿದರೆ ಆ ಅಚ್ಚಿನ ಭಾರ ಸಿಕ್ಕಿತು.

ಶಾಲೆಯಲ್ಲಿ ಇದನ್ನು ಮಾಡಿ ನೋಡಬಹುದು. ಸೈಕಲಿನ ವಾಲ್ವಿಗೆ ಮಾಪಕ ಸಾಮಾನ್ಯವಾಗಿ ಕೂರುವುದಿಲ್ಲ, ಆದ್ದರಿಂದ ಸ್ಕೂಟರ್ ಇರಲಿ. ಅದರ ಹಿಂದಿನ ಚಕ್ರವನ್ನು ತೂಕದ ಯಂತ್ರದ ಮೇಲೆ, ಮುಂದಿನದನ್ನು ಅಷ್ಟೇ ಎತ್ತರದ ಹಲಗೆಯ ಮೇಲೆ ನಿಲ್ಲಿಸಿ ಭಾರ ಬರೆದುಕೊಳ್ಳಿ. ಗ್ರಾಫ್ ಹಾಳೆಯ ಮೇಲೆ ಕಾರ್ಬನ್ ಕಾಗದವಿಟ್ಟು, ಇಬ್ಬರು ಹಿಂಬದಿಯನ್ನು ಎತ್ತಿ ಅದರ ಮೇಲೆ ಮೆಲ್ಲಗೆ ಇಳಿಸಲಿ. ಅಚ್ಚಿನ ಹೊರಗೆರೆಯೊಳಗಿನ ಚೌಕಗಳನ್ನು ಎಣಿಸಿ. ಹಿಂದಿನ ಚಕ್ರದ ಮೇಲೆ 65 ಕಿ.ಗ್ರಾಂ., ಗಾಳಿ 30 ಪೌಂಡ್ ಇದ್ದರೆ ಸುಮಾರು 31 ಚದರ ಸೆಂ.ಮೀ. ನಿರೀಕ್ಷಿಸಬಹುದು. ನಿಮ್ಮ ಉತ್ತರ ತುಸು ಬೇರೆ ಬಂದೀತು: ರಬ್ಬರಿನ ಬಿಗಿ ತಾನೂ ಕೊಂಚ ಭಾರ ಹೊರುತ್ತದೆ, ಟೈರಿನ ಗೀರುಗಳು ನೆಲ ಮುಟ್ಟುವುದಿಲ್ಲ. 20 ಪೌಂಡಿಗಿಳಿಸಿ ಮತ್ತೊಮ್ಮೆ ಅಳೆದು, ಎರಡು ಅಚ್ಚುಗಳನ್ನೂ ತರಗತಿಯ ಗೋಡೆಗೆ ಅಂಟಿಸಿ. ಸ್ಕೂಟರಿಗೆ ಗಾಳಿ ತುಂಬಿಸಿದ ಮೇಲೆಯೇ ಮನೆಗೆ ಹೊರಡಿ.