ಸಿಡಿಲು ಬಡಿದವರನ್ನು ಮುಟ್ಟಬಹುದು, ಮುಟ್ಟಲೇಬೇಕು



ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳ ದಿನ ಬಂದವೆಂದರೆ ಮಧ್ಯಾಹ್ನದವರೆಗೆ ಸುಡುಬಿಸಿಲು, ಮೂರು ಗಂಟೆ ದಾಟುತ್ತಲೇ ಕಪ್ಪು ಮೋಡ, ಬಿರುಗಾಳಿ, ಗುಡುಗು. ಮುಂಗಾರಿಗೆ ಮೊದಲು ಸುರಿಯುವ ಈ ಮಳೆಯಲ್ಲಿ ನೀರಿಗಿಂತ ಸಿಡಿಲಿನ ಭಯವೇ ಹೆಚ್ಚು. 2022ನೇ ಇಸವಿಯೊಂದರಲ್ಲಿಯೇ ನಮ್ಮ ದೇಶದಲ್ಲಿ 2,887 ಜನರು ಸಿಡಿಲಿಗೆ ಬಲಿಯಾದರೆಂದು ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ.

ಮಿಂಚು, ಗುಡುಗು, ಸಿಡಿಲು ಬೇರೆ ಬೇರೆಯಲ್ಲ. ಕಾದ ನೆಲದಿಂದ ಮೇಲೇರಿದ ತೇವದ ಗಾಳಿ ಬಹಳ ಎತ್ತರದಲ್ಲಿ ಮಂಜಿನ ಹರಳುಗಳಾಗುತ್ತದೆ. ಈ ಹರಳುಗಳು ಒಂದಕ್ಕೊಂದು ತಿಕ್ಕಾಡಿ ಮೋಡದಲ್ಲಿ ವಿದ್ಯುತ್ ತುಂಬಿಕೊಳ್ಳುತ್ತದೆ. ಅದು ಹರಿಯುವಾಗ ಕಾಣುವ ಬೆಳಕು ಮಿಂಚು. ನೆಲಕ್ಕೆ ಇಳಿದರೆ ಅದನ್ನೇ ಸಿಡಿಲು ಎನ್ನುತ್ತೇವೆ. ಅದರ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಒಮ್ಮೆಲೇ ಹಿಗ್ಗಿದಾಗ ಆಗುವ ಸದ್ದೇ ಗುಡುಗು. ಬೆಳಕು ಕೂಡಲೇ ಕಾಣುತ್ತದೆ, ಸದ್ದು ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡು ಬೇಕು. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದು ತಿಳಿದು ಕೆಲಸ ಬಿಟ್ಟು ಏಳಿ. ಹೊಲದಲ್ಲಿ ಹನಿ ಬಿದ್ದಿರದಿದ್ದರೂ ಅದು ಬಡಿಯಬಹುದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಹೋಗಬೇಡಿ.

ನಮ್ಮ ಜನ ಮಳೆ ಬಂತೆಂದರೆ ಮೊದಲು ಓಡುವುದು ಹುಣಸೆ ಮರ ಅಥವಾ ಬೇವಿನ ಮರದ ಬುಡಕ್ಕೆ. ಇದೇ ದೊಡ್ಡ ತಪ್ಪು. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರ ಮೇಲೂ ಹಾರುತ್ತದೆ, ಬುಡದಿಂದ ನೆಲದಲ್ಲಿಯೂ ಹರಡುತ್ತದೆ. ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಮರದ ಕೆಳಗೆ ನಿಂತ ಎತ್ತು, ಕುರಿಗಳು ಒಟ್ಟಿಗೆ ಸಾಯುವುದು ಇದರಿಂದಲೇ. ಅವುಗಳ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು, ಆ ದಾರಿಯಲ್ಲಿಯೇ ಹೃದಯವಿದೆ. ಗುಡಿಸಲು, ತಗಡಿನ ಚಪ್ಪರ, ಗೋಡೆಯಿಲ್ಲದ ಮಂಟಪ ಮಳೆಯಿಂದ ಕಾಪಾಡುತ್ತವೆ, ಸಿಡಿಲಿನಿಂದಲ್ಲ. ಗಟ್ಟಿ ಮನೆ ಅಥವಾ ಗಾಜು ಏರಿಸಿದ ಬಸ್ಸು, ಕಾರು ಒಳ್ಳೆಯದು. ಟ್ರ್ಯಾಕ್ಟರ್, ಬೈಕ್ ಬೇಡ. ಮನೆಯೊಳಗಿದ್ದಾಗ ಸ್ನಾನ, ಪಾತ್ರೆ ತೊಳೆಯುವುದು, ಸ್ವಿಚ್ ಮುಟ್ಟುವುದು ಸ್ವಲ್ಪ ಹೊತ್ತು ನಿಲ್ಲಿಸಿ. ಬಯಲಿನಲ್ಲಿ ಎಲ್ಲಿಯೂ ಆಸರೆ ಇಲ್ಲದಿದ್ದರೆ ಒಬ್ಬರಿಂದೊಬ್ಬರು ದೂರ ಸರಿದು, ಪಾದಗಳನ್ನು ಜೋಡಿಸಿ, ತಲೆ ತಗ್ಗಿಸಿ ಕುಕ್ಕರುಗಾಲಲ್ಲಿ ಕೂಡಿರಿ. ಮಲಗಬೇಡಿ. ಇದು ಪೂರ್ಣ ರಕ್ಷಣೆಯಲ್ಲ, ಬೇರೆ ದಾರಿ ಇಲ್ಲದಾಗ ಮಾತ್ರ.

ಕೊರಳಲ್ಲಿರುವ ಬೆಳ್ಳಿ ಕರಡಿಗೆ, ತಾಳಿ ಸಿಡಿಲನ್ನು ಎಳೆಯುತ್ತವೆಯೇ ಎಂದು ವಾರ್ಡಿನಲ್ಲಿ ತಾಯಂದಿರು ಕೇಳುತ್ತಾರೆ. ಇಲ್ಲ. ಮೊಬೈಲ್ ಕೂಡ ಎಳೆಯುವುದಿಲ್ಲ, ಚಾರ್ಜಿಗೆ ಹಾಕಿ ಹಿಡಿದುಕೊಳ್ಳಬಾರದು ಅಷ್ಟೆ. ಸಿಡಿಲು ನೋಡುವುದು ಎತ್ತರವನ್ನು, ಬಂಗಾರವನ್ನಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುತ್ತದೆ, ಮುಟ್ಟಿದರೆ ನಮಗೂ ಹೊಡೆಯುತ್ತದೆ ಎಂದು ಸುತ್ತಲಿನವರು ದೂರ ನಿಲ್ಲುವುದುಂಟು. ಹರಿದು ಬಿದ್ದ ವಿದ್ಯುತ್ ತಂತಿಯ ವಿಷಯದಲ್ಲಿ ಆ ಎಚ್ಚರಿಕೆ ಸರಿ. ಸಿಡಿಲಿನಲ್ಲಿ ಹಾಗಿಲ್ಲ. ಅದು ಕ್ಷಣಾರ್ಧದಲ್ಲಿ ಬಂದು ಹೋಗಿರುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ.

ಸಿಡಿಲಿನಿಂದ ಕೂಡಲೇ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಸುಟ್ಟು ಅಲ್ಲ, ಹೃದಯ ಮತ್ತು ಉಸಿರು ನಿಂತು. ಹೃದಯ ಕೆಲವೊಮ್ಮೆ ತಾನಾಗಿ ಮತ್ತೆ ಬಡಿಯತೊಡಗುತ್ತದೆ. ಆದರೆ ಉಸಿರಾಟ ನಡೆಸುವ ಮೆದುಳಿನ ಭಾಗ ಇನ್ನೂ ಸ್ತಬ್ಧವಾಗಿರುತ್ತದೆ. ಗಾಳಿ ಸಿಗದೆ ಹೃದಯ ಎರಡನೆಯ ಸಲ ನಿಲ್ಲುತ್ತದೆ. ಆ ಕೆಲವು ನಿಮಿಷಗಳಲ್ಲಿ ಪಕ್ಕದಲ್ಲಿರುವವರು ನೀವೇ ಹೊರತು ಡಾಕ್ಟರಲ್ಲ. ಸಗಣಿಯಲ್ಲಿ ಹೂಳುವುದು, ಮಣ್ಣು ಮುಚ್ಚುವುದು ಕೆಲವೆಡೆ ರೂಢಿಯಲ್ಲಿದೆ. ಅದರಿಂದ ಪ್ರಯೋಜನವಿಲ್ಲ, ಎದೆಯ ಮೇಲೆ ಭಾರ ಬಿದ್ದು ಉಸಿರಿಗೆ ಇನ್ನೂ ತೊಂದರೆ.

ಹೀಗೆ ಮಾಡಿರಿ. ಗುಡುಗು ಇನ್ನೂ ನಡೆದಿದ್ದರೆ ಹತ್ತಿರದ ಸುರಕ್ಷಿತ ಜಾಗಕ್ಕೆ ಒಯ್ಯಿರಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಎದೆಯ ನಡುಮಧ್ಯೆ ಒಂದು ಅಂಗೈ ಮೇಲೆ ಇನ್ನೊಂದನ್ನು ಇಟ್ಟು, ಮೊಳಕೈ ಬಾಗಿಸದೆ, ಎರಡು ಇಂಚು ಆಳಕ್ಕೆ ನಿಮಿಷಕ್ಕೆ 100ರಿಂದ 120 ಸಲ ಒತ್ತಿರಿ. 30 ಸಲ ಒತ್ತಿದ ಮೇಲೆ ಮೂಗು ಹಿಡಿದು ಬಾಯಿಂದ ಬಾಯಿಗೆ ಎರಡು ಸಲ ಉಸಿರು ಕೊಡಿರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ, ದಣಿದರೆ ಕೈ ಬದಲಿಸಿಕೊಳ್ಳಿರಿ.

ಒಂದೇ ಏಟಿಗೆ ನಾಲ್ಕಾರು ಜನ ಬಿದ್ದಿದ್ದರೆ ಯಾರನ್ನು ಮೊದಲು ನೋಡಬೇಕು? ಸಹಜವಾಗಿ ಕೂಗುವವರ ಕಡೆಗೆ ಕಾಲು ಹೋಗುತ್ತದೆ. ಸಿಡಿಲಿನಲ್ಲಿ ಮಾತ್ರ ತಿರುಗಾಮುರುಗಾ. ನರಳುತ್ತಿರುವವರು ಉಸಿರಾಡುತ್ತಿದ್ದಾರೆ, ಅವರು ಸಾಮಾನ್ಯವಾಗಿ ಬದುಕುತ್ತಾರೆ. ಸತ್ತಂತೆ ಬಿದ್ದವರ ಕಡೆಗೆ ಮೊದಲು ಹೋಗಿ.

ಎದ್ದು ಕುಳಿತು ಮಾತನಾಡುವವರನ್ನೂ ಆಸ್ಪತ್ರೆಗೆ ಕರೆತನ್ನಿ. ಕಿವಿಯ ತಮಟೆ ಹರಿದಿರಬಹುದು. ಕಾಲು ತಣ್ಣಗಾಗಿ, ನೀಲಿಯಾಗಿ, ಸ್ವಾಧೀನ ತಪ್ಪಿರಬಹುದು, ಇದು ಅನೇಕ ವೇಳೆ ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ. ಬಸುರಿಯರಿದ್ದರೆ ಮಗುವಿನ ಪರೀಕ್ಷೆ ಆಗಲೇಬೇಕು. ಮನೆಗೆ ಹೋದ ಮೇಲೆ ಮರೆವು, ನಿದ್ದೆಗೇಡು, ಸಿಟ್ಟು ಕಂಡರೆ ಗಾಳಿ ಸೋಕಿತೆಂದು ಅಲೆಯಬೇಡಿ. ಅದು ನರಗಳಿಗೆ ಆದ ಪೆಟ್ಟು. ಕಣ್ಣಿನ ಪೊರೆ ತಿಂಗಳುಗಳ ನಂತರವೂ ಬರಬಹುದು, ಆದ್ದರಿಂದ ದೃಷ್ಟಿ ಮಂಜಾದರೆ ಹಳೆಯ ಚೀಟಿ ತೆಗೆದುಕೊಂಡು ಬಂದು ಸಿಡಿಲು ಬಡಿದಿತ್ತೆಂದು ಕಣ್ಣಿನ ಡಾಕ್ಟರರಿಗೆ ಹೇಳಿರಿ.