ಬಳ್ಳಿಗಾವೆಯ ರೂವಾರಿಗಳು: ಪ್ರಾಚೀನ ಪಟ್ಟಣವೊಂದರ ಕುಶಲೋದ್ಯಮ

ಪ್ರಾಚೀನ ಪಟ್ಟಣಗಳ ಚರಿತ್ರೆಯನ್ನು ಬರೆಯುವಾಗ ಅರಸರ ಆಳ್ವಿಕೆಯನ್ನೂ ದಾನದತ್ತಿಗಳನ್ನೂ ವಿಸ್ತಾರವಾಗಿ ನಿರೂಪಿಸುವುದು ವಾಡಿಕೆ. ಆ ಪಟ್ಟಣದಲ್ಲಿ ಕಲ್ಲು ಕಡಿದವರು, ಕಬ್ಬಿಣ ಕಾಸಿದವರು ಯಾರು, ಅವರ ಕೆಲಸ ಯಾವ ಏರ್ಪಾಟಿನಲ್ಲಿ ಸಾಗುತ್ತಿತ್ತು ಎಂಬ ಪ್ರಶ್ನೆ ಹಿಂದೆಯೇ ಉಳಿಯುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹೋಲಿಕೆಗಾಗಿ ಮೊದಲು ಇಟಲಿಯ ಒಂದು ನಿದರ್ಶನವನ್ನು ನೋಡಬಹುದು. ರೋಮಿನ ಏಳಿಗೆಗೆ ಮುಂಚೆ ಅಲ್ಲಿ ಪ್ರಬಲರಾಗಿದ್ದ ಎಟ್ರುಸ್ಕನ್ ಜನರ ನೆಲೆಗಳಲ್ಲಿ ಮುರ್ಲೋ ಎಂಬ ಊರಿನ ಬಳಿಯ ದಿಬ್ಬವೂ ಒಂದು. ಅಲ್ಲಿನ ಉತ್ಖನನದಲ್ಲಿ ಕ್ರಿ. ಪೂ. ಏಳನೆಯ ಶತಮಾನದ ದೊಡ್ಡ ಕಾರ್ಯಾಗಾರವೊಂದು ಬೆಳಕಿಗೆ ಬಂದಿದೆ. ಹೆಂಚು, ಕಂಚು, ಎಲುಬು, ದಂತ ಇವುಗಳ ಕೆಲಸ ಒಂದೇ ಸೂರಿನಡಿ ನಡೆಯುತ್ತಿತ್ತು. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಓಡಿಹೋದವರ ಹೆಜ್ಜೆಗುರುತುಗಳು ಒಣಗಲು ಹರವಿದ್ದ ಹಸಿ ಹೆಂಚುಗಳ ಮೇಲೆ ಉಳಿದಿವೆ. ಹೆಜ್ಜೆಗಳೇನೋ ಸಿಕ್ಕಿವೆ, ಅವು ಯಾರವೆಂದು ಹೇಳುವ ಬರಹವಿಲ್ಲ. ಎಟ್ರುಸ್ಕನ್ ಶಿಲ್ಪಿಗಳಲ್ಲಿ ರೋಮನ್ ಲೇಖಕ ಪ್ಲಿನಿಯು ಹೆಸರಿಸಿರುವ ವುಲ್ಕನು ಪ್ರಸಿದ್ಧ. ವೇಯಿ ಪಟ್ಟಣದ ಈತನನ್ನು ಜ್ಯೂಪಿಟರನ ಮಣ್ಣಿನ ಮೂರ್ತಿಯನ್ನು ರೂಪಿಸಲು ರೋಮಿಗೆ ಕರೆಸಿದರಂತೆ.

ಬಳ್ಳಿಗಾವೆಯ ಸ್ಥಿತಿ ಇದಕ್ಕೆ ಬಹುಮಟ್ಟಿಗೆ ವಿಪರೀತವಾದುದು. ಇಲ್ಲಿ ನಾವು ಮುಖ್ಯವಾಗಿ ಅವಲಂಬಿಸಬೇಕಾದುದು ಶಾಸನಗಳನ್ನು ಮತ್ತು ಕೃತಿಗಳನ್ನು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಪನ್ನಿರ್ಛಾಸಿರದ ರಾಜಧಾನಿ. ಮಠಗಳು, ದೇವಾಲಯಗಳು, ವರ್ತಕರು ತುಂಬಿದ್ದ ನಗರ. ಕ್ರಿ. ಶ. 1047ರಲ್ಲಿ ಮಹಾಮಂಡಲೇಶ್ವರ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭ ಸುಮಾರು 30 ಅಡಿ ಎತ್ತರದ್ದು. ಶಾಸನವು ನಿಲ್ಲಿಸಿದ ಪ್ರಭುವನ್ನು ಸ್ಮರಿಸುತ್ತದೆ. ಆದರೆ ಅಂಥ ಕಂಬವನ್ನು ಬಂಡೆಯಿಂದ ಬಿಡಿಸಿ, ಸಾಗಿಸಿ, ನೆಟ್ಟಗೆ ನಿಲ್ಲಿಸಬೇಕಾದರೆ ಕಲ್ಕುಟಿಗನೊಬ್ಬನಿಂದ ಸಾಲದು. ಉಳಿಗಳನ್ನು ಹದಗೊಳಿಸುವ ಕಮ್ಮಾರ, ಅಟ್ಟಣೆ ಕಟ್ಟುವ ಬಡಗಿ, ಹಗ್ಗ ಹೊಸೆಯುವವರು, ಎತ್ತುಗಳನ್ನು ಹೊಡೆಯುವವರು ಇವರೆಲ್ಲರ ಕೂಡುದುಡಿಮೆ ಅವಶ್ಯಕ.

ಕೆಲಸದ ಸ್ವರೂಪವನ್ನು ತಿಳಿಸುವ ಇನ್ನೊಂದು ಸಾಕ್ಷಿ ಶಿಲೆಯೇ. ಬಾದಾಮಿ, ಪಟ್ಟದಕಲ್ಲುಗಳ ಹಿಂದಿನ ಚಾಲುಕ್ಯರು ಮರಳುಗಲ್ಲನ್ನು ಬಳಸಿದರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬಳಪದ ಕಲ್ಲು ಬಳಕೆಗೆ ಬಂದಿತು. ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು, ಗಾಳಿ ಬಿಸಿಲು ತಾಗಿದಂತೆ ಗಡುಸಾಗುವುದು ಇದರ ಗುಣ. ಆದಕಾರಣ ಸೂಕ್ಷ್ಮ ಕೆತ್ತನೆಯೂ, ತಿರುಗಣೆಯಲ್ಲಿ ಕಂಬಗಳನ್ನು ಕಡೆಯುವುದೂ ಸಾಧ್ಯವಾಯಿತು. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದಲ್ಲಿಯೂ, ಸೊರಬ ತಾಲ್ಲೂಕಿನ ಕುಪ್ಪಟೂರಿನ ಕೈಟಭೇಶ್ವರ ದೇವಾಲಯದಲ್ಲಿಯೂ ಇಂಥ ನುಣುಪಾದ ಕಂಬಗಳನ್ನು ಕಾಣಬಹುದು. ಭಾರವಾದ ಕಲ್ಲನ್ನು ತಿರುಗಿಸಿ ಕಡೆಯಲು ಸ್ಥಿರವಾದ ಸಲಕರಣೆಯೂ ಪಳಗಿದ ತಂಡವೂ ಬೇಕು. ಆದ್ದರಿಂದ ಇವು ವ್ಯವಸ್ಥಿತವಾದ ಕಾರ್ಯಾಗಾರಗಳಲ್ಲಿ ಸಿದ್ಧವಾದುವೆಂದು ಊಹಿಸುವುದು ಯುಕ್ತ.

ಇನ್ನು ಹೆಸರುಗಳ ಸಾಕ್ಷ್ಯ. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ಕೆಲವು ಬಳ್ಳಿಗಾವೆಯ ದಾಸೋಜನವು, ಕೆಲವು ಅವನ ಮಗ ಚಾವಣನವು ಎಂದು ಅಲ್ಲಿನ ಬರಹಗಳೇ ಸಾರುತ್ತವೆ. ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವಿದ್ಯೆ ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದಿತು; 'ಓಜ' ಎಂಬ ಹೆಸರಿನ ಕೊನೆಯೇ ಉಪಾಧ್ಯಾಯ ಶಬ್ದದ ತದ್ಭವವೆಂಬುದು ಇಲ್ಲಿ ಗಮನಾರ್ಹ. ಎರಡನೆಯದಾಗಿ, ಕುಶಲಿಗಳು ಒಂದೇ ಊರಿಗೆ ಕಟ್ಟುಬಿದ್ದವರಲ್ಲ. ಆಗ ಹೊಯ್ಸಳರು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಾಂಡಲಿಕರು. ಸಾರ್ವಭೌಮನ ನಾಡಿನ ಕಲೆಗಾರಿಕೆ ಮಾಂಡಲಿಕನ ಹೊಸ ಕಟ್ಟಡಕ್ಕೆ ಹರಿದು ಬಂದಿತು. ಮೂರನೆಯದಾಗಿ, ಹೆಸರಿನೊಡನೆ ಊರನ್ನೂ ಕೆತ್ತಿರುವುದರಿಂದ, 'ಬಳ್ಳಿಗಾವೆಯವನು' ಎಂಬುದೇ ಒಂದು ಯೋಗ್ಯತಾಪತ್ರವಾಗಿತ್ತೆಂದು ತೋರುತ್ತದೆ. ವೇಯಿಯ ವುಲ್ಕನಿಗೂ ಈ ಮಾತು ಒಪ್ಪುತ್ತದೆ.

ಈ ಭಾಗದಲ್ಲಿ ಕುಶಲಕೆಲಸ ಅಂದಿಗೇ ನಿಂತುಹೋಗಲಿಲ್ಲ. ಸೊರಬ, ಸಾಗರಗಳ ಗುಡಿಗಾರರ ಗಂಧದ ಕೆತ್ತನೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೈಸೂರು ಸಂಸ್ಥಾನದ ಹೊರಗೂ ಹೆಸರಾಗಿತ್ತು. ಆದರೆ ಇವರನ್ನು ದಾಸೋಜನ ನೇರ ವಾರಸುದಾರರೆಂದು ಹೇಳಿಬಿಡುವ ಮೋಹಕ್ಕೆ ಚರಿತ್ರಕಾರನು ಒಳಗಾಗಬಾರದು. ಶಿಲೆ ಬೇರೆ, ಮರ ಬೇರೆ. ನಡುವಣ ಶತಮಾನಗಳು ಅನೇಕ. ಗುಡಿಗಾರರ ಪೂರ್ವಿಕರು ಗೋವೆಯ ಕಡೆಯಿಂದ ಬಂದರೆಂಬ ಐತಿಹ್ಯವೂ ಉಂಟು. ಮನೆಯೇ ಪಾಠಶಾಲೆಯೂ ಕಾರ್ಯಾಗಾರವೂ ಆಗಿರುವ ಪದ್ಧತಿ ಹೇಗೆ ನಡೆಯುತ್ತದೆಂಬುದನ್ನು ಅರಿಯಲು ಅವರ ಬದುಕು ಸಹಾಯಕ. ವಂಶಾವಳಿಗೆ ಅದು ಆಧಾರವಾಗದು.

ಒಟ್ಟಿನಲ್ಲಿ, ಮುರ್ಲೋವಿನಲ್ಲಿ ನೆಲ ಮಾತನಾಡಿದೆ, ಹೆಸರು ಮೌನವಾಗಿದೆ. ಬಳ್ಳಿಗಾವೆಯಲ್ಲಿ ಹೆಸರು ಮಾತನಾಡಿದೆ, ನೆಲ ಇನ್ನೂ ಹೇಳಬೇಕಾದುದು ಬಹಳವಿದೆ. ಆದುದರಿಂದ ಈ ಸ್ಥಳಗಳಿಗೆ ಹೋಗುವ ವಿದ್ಯಾರ್ಥಿಗಳು ಪೂರ್ಣಗೊಂಡ ವಿಗ್ರಹಗಳನ್ನು ನೋಡಿ ತೃಪ್ತರಾಗದೆ, ಅರೆಕೆತ್ತಿದ ಕಲ್ಲು, ಉಳಿಯ ಗೀರು, ಕಬ್ಬಿಣದ ಕಿಟ್ಟ, ಮಡಕೆಯ ಚೂರು ಇವುಗಳನ್ನೂ ಇದ್ದಲ್ಲಿಯೇ ಗುರುತಿಸಿ ಬರೆದಿಡಬೇಕು. ಹೊಲ ಉಳುವಾಗ, ಮನೆಗೆ ತಳಪಾಯ ತೋಡುವಾಗ ಮೊದಲು ಅಳಿದುಹೋಗುವುವು ಇವೇ. ಇವು ಅಳಿದರೆ ದಾಸೋಜನ ಹೆಸರು ಉಳಿದೀತು, ಅವನ ಪಕ್ಕದಲ್ಲಿ ದುಡಿದವರ ಕುರುಹು ಉಳಿಯದು.